ಠಾಣೆಗೆ ಜಮೆಯಾದ ಅಜ್ಜನ ಬಂದೂಕು

ವಿಜಯಪುರ ಜಿಲ್ಲೆಯ ಚಡಚಣ, ಇಂಡಿ ಕಡೆ ಬಂದೂಕಿನ ಮಾತು ಬಂದರೆ ಪತ್ರಿಕೆಗಳಿಗೆ ನೆನಪಾಗುವುದು ಭೀಮಾ ತೀರದ ನಾಡ ಪಿಸ್ತೂಲು. ವಾಡೆಯ ಗೋಡೆಗೆ ತೂಗಿದ್ದು, ಅಜ್ಜ ತೀರಿಕೊಂಡ ಮೇಲೆ ಠಾಣೆ ಸೇರಿದ ಹಳೆಯ ಬಂದೂಕುಗಳ ಬಗ್ಗೆ ಮಾತ್ರ ಕಟ್ಟೆಯ ಮೇಲೆ ತಲೆಗೊಂದು ಕಾನೂನು.

‘ನೂರು ವರ್ಷ ದಾಟಿದ ಬಂದೂಕಿಗೆ ಲೈಸೆನ್ಸ್ ಬೇಡ’

ಎರಡು ಕಾನೂನು ಕಲಸಿಹೋದಾಗ ಹುಟ್ಟಿದ ನಂಬಿಕೆ ಇದು. ವಯಸ್ಸು ನೋಡುವುದು 1972ರ ಪ್ರಾಚ್ಯವಸ್ತು ಕಾಯ್ದೆ. ಐತಿಹಾಸಿಕ ಮೌಲ್ಯದ ವಸ್ತುವಿಗೆ 100 ವರ್ಷ ತುಂಬಿದರೆ ಅದು ಪ್ರಾಚ್ಯವಸ್ತು. ಖಾಸಗಿಯವರು ಅದನ್ನು ವಿದೇಶಕ್ಕೆ ಸಾಗಿಸುವಂತಿಲ್ಲ. 1959ರ ಶಸ್ತ್ರಾಸ್ತ್ರ ಕಾಯ್ದೆಗೆ ವಯಸ್ಸೊಂದೇ ಸಾಲದು. ಅದರ 45ನೇ ಕಲಮು ವಿನಾಯಿತಿ ಕೊಡುವುದು ಹಳೆಯ ಮಾದರಿಯ, ಪ್ರಾಚೀನ ಮೌಲ್ಯದ ಅಥವಾ ಕೆಟ್ಟುಹೋದ ಆಯುಧಕ್ಕೆ. ಅದೂ ರಿಪೇರಿ ಮಾಡಿದರೂ ಗುಂಡು ಹಾರದಂತಿದ್ದರೆ ಮಾತ್ರ. ಕಮ್ಮಾರ ಕುದುರೆ ಸರಿಮಾಡಿಕೊಟ್ಟರೆ ಹಾರುವ ಬಂದೂಕಿಗೆ, ಅದು ಮುತ್ತಜ್ಜನ ಕಾಲದ್ದಾದರೂ, ಪರವಾನಗಿ ಬೇಕೇ ಬೇಕು.

‘2019ರಲ್ಲಿ ಎಲ್ಲರ ಬಂದೂಕೂ ಹೋಯಿತು’

ಹೋದದ್ದು ಮೂರನೆಯದು. ಆ ವರ್ಷದ ಶಸ್ತ್ರಾಸ್ತ್ರ ಕಾಯ್ದೆಯ ತಿದ್ದುಪಡಿಯಿಂದ ಒಬ್ಬರ ಮಿತಿ ಮೂರರಿಂದ ಎರಡಕ್ಕಿಳಿಯಿತು. ಹೆಚ್ಚಿನದನ್ನು 1 ವರ್ಷದೊಳಗೆ ಠಾಣೆಗೋ ಅಧಿಕೃತ ವ್ಯಾಪಾರಿಗೋ ಒಪ್ಪಿಸಬೇಕಿತ್ತು. ವಂಶಪಾರಂಪರ್ಯದ ಬಂದೂಕಿಗೂ ಇದೇ ಮಿತಿ. ಕೊಡಗಿನ ಕೊಡವರಿಗೂ ಜಮ್ಮಾ ಭೂಮಿಯ ಹಿಡುವಳಿದಾರರಿಗೂ 2029ರವರೆಗೆ ಮುಂದುವರಿದಿರುವ ಪರವಾನಗಿ ವಿನಾಯಿತಿ ಅವರಿಗಷ್ಟೇ. ವಿಜಯಪುರದ ವಾಡೆಗಳಿಗೆ ಅದು ಅನ್ವಯಿಸದು.

‘ಪೊಲೀಸರ ರೈಫಲ್ಲಿಗೂ ಲೈಸೆನ್ಸ್ ಇರುತ್ತದೆ’

ಇಲ್ಲ. ಕರ್ತವ್ಯದ ಮೇಲೆ ಆಯುಧ ಹೊಂದುವ ಸರ್ಕಾರಿ ನೌಕರರನ್ನು ಅದೇ 45ನೇ ಕಲಮು ಹೊರಗಿಟ್ಟಿದೆ.

‘ಹಳೆಯದನ್ನು ಬ್ರಿಟಿಷರು ಜೋಪಾನ ಮಾಡಿದರು’

ನಮ್ಮ ಜಿಲ್ಲೆಯವರೇ ಹೀಗೆನ್ನುವುದು ಸೋಜಿಗ. 1549ರಲ್ಲಿ ಅಹ್ಮದ್‌ನಗರದಲ್ಲಿ ಎರಕಹೊಯ್ದು, ಈಗ ವಿಜಯಪುರದ ಶೇರ್ಜಾ ಬುರುಜಿನ ಮೇಲಿರುವ ಮಲಿಕ್-ಎ-ಮೈದಾನ್ ತೋಪನ್ನು 1854ರಲ್ಲಿ ಅವರು ಹರಾಜಿಗಿಟ್ಟಿದ್ದರು. ಸುಮಾರು 55 ಟನ್ ತೂಕದ ತೋಪಿಗೆ ಬಂದ ಸವಾಲು 150 ರೂಪಾಯಿ! ಮಾರಾಟ ರದ್ದಾದ್ದರಿಂದ ತೋಪು ಉಳಿಯಿತು. 1857ರಲ್ಲಿ ನಿಶ್ಶಸ್ತ್ರೀಕರಣದ ಕಾಯ್ದೆ ಬಂತು. ಮುಧೋಳದ ಹತ್ತಿರದ ಹಲಗಲಿಯ ಬೇಡರು ಆಯುಧ ಒಪ್ಪಿಸಲು ಒಪ್ಪದಿದ್ದಾಗ ಊರಿಗೇ ಬೆಂಕಿ ಬಿತ್ತು. ಜನರ ಕೈಯ ಆಯುಧ ಕಿತ್ತುಕೊಳ್ಳುವ ಆತುರ ಆ ಸರ್ಕಾರಕ್ಕಿತ್ತು. ಕಾಪಿಡುವ ಯೋಚನೆ ಬಂದದ್ದು ಬಹಳ ತಡವಾಗಿ.

‘ಠಾಣೆಯಲ್ಲಿದ್ದರೆ ಭದ್ರ’

ಕುಟುಂಬಗಳಿಗೆ ಹೆಚ್ಚು ನಷ್ಟ ತರುವ ನಂಬಿಕೆ ಇದೇ. ಠಾಣೆಯ ರಿಜಿಸ್ಟರಿನಲ್ಲಿ ಬಂದೂಕಿನ ನಂಬರು ಬರೆದಿಡುತ್ತಾರೆ. ಅದರ ಇತಿಹಾಸ ಬರೆಯುವುದು ಅವರ ಕೆಲಸವಲ್ಲ. ಪ್ರಕರಣದಲ್ಲಿ ಸಿಕ್ಕ ಮುದ್ದೆಮಾಲಾದರೆ ಅದರ ಗತಿ ಹೇಳುವುದು ನ್ಯಾಯಾಲಯ. ಪರವಾನಗಿದಾರ ತೀರಿಕೊಂಡು ಜಮೆಯಾದದ್ದಕ್ಕೆ ಶಸ್ತ್ರಾಸ್ತ್ರ ಕಾಯ್ದೆಯ 21ನೇ ಕಲಮಿನ ಗಡುವಿದೆ. ಅಷ್ಟರೊಳಗೆ ವಾರಸುದಾರರು ಪರವಾನಗಿ ಪಡೆದು ಬಿಡಿಸಿಕೊಳ್ಳಬೇಕು, ಇಲ್ಲವೇ ಹಕ್ಕುಳ್ಳವರಿಗೆ ಮಾರಬೇಕು. ಎರಡೂ ಆಗದಿದ್ದರೆ ಜಿಲ್ಲಾ ದಂಡಾಧಿಕಾರಿಗಳು ನೋಟಿಸು ಕೊಟ್ಟು, ಉತ್ತರ ಕೇಳಿ, ಬಂದೂಕನ್ನು ಸರ್ಕಾರಕ್ಕೆ ಮುಟ್ಟುಗೋಲು ಹಾಕಿಕೊಳ್ಳಬಹುದು. ನೋಟಿಸು ಹೋಗುವುದು ಹಳೆಯ ವಿಳಾಸಕ್ಕೆ. ಮಕ್ಕಳಿರುವುದು ಸೊಲ್ಲಾಪುರದಲ್ಲೋ ಪುಣೆಯಲ್ಲೋ. ಬಂದೂಕಿನ ಫೋಟೊ, ಹಳೆಯ ಪರವಾನಗಿಯ ಪ್ರತಿ, ಠಾಣೆ ಕೊಟ್ಟ ರಸೀದಿಗಳೊಂದಿಗೆ ಗಡುವಿನೊಳಗೇ ಜಿಲ್ಲಾಧಿಕಾರಿ ಕಚೇರಿಗೆ ಅರ್ಜಿ ಕೊಡಿ. ವಸ್ತುಸಂಗ್ರಹಾಲಯಕ್ಕೆ ಒಪ್ಪಿಸುವ ಮನಸ್ಸಿದ್ದರೆ ಅದನ್ನೂ ಅದರಲ್ಲೇ ಬರೆಯಿರಿ.