ರಾಮಾಪುರದಲ್ಲಿ ಒಂದು ಟೀ, ಆಮೇಲೆ ಬರೀ ಕಾಡು

ಕಾಡು ನೋಡಲು ಸಫಾರಿ ಜೀಪೇ ಬೇಕೆಂದಿಲ್ಲ. ಮೊದಲ ಮಳೆ ಬಿದ್ದೊಡನೆ ನಾನು ಕೊಳ್ಳೇಗಾಲದಿಂದ ಬೈಕ್ ಹತ್ತುತ್ತೇನೆ. ಮೊದಲ ದಿನ ಯಳಂದೂರು ದಾಟಿ ಬಿಳಿಗಿರಿರಂಗನ ಬೆಟ್ಟ. 2011ರಲ್ಲಿ ಹುಲಿ ಸಂರಕ್ಷಿತ ಪ್ರದೇಶವಾದ ಈ ಕಾಡು ಸೋಲಿಗ ಬುಡಕಟ್ಟಿನವರ ತವರು. ಅವರು ಪೂಜಿಸುವ ದೊಡ್ಡಸಂಪಿಗೆ ಮರ ಇಲ್ಲೇ ಇದೆ.

ಮರುದಿನ ಹನೂರು ದಾಟಿ ರಾಮಾಪುರ. 1992ರಲ್ಲಿ ಕಾಡುಗಳ್ಳ ವೀರಪ್ಪನ್ ತಂಡ ಇಲ್ಲಿನ ಪೊಲೀಸ್ ಠಾಣೆಯ ಮೇಲೆ ದಾಳಿ ಮಾಡಿ ಪೊಲೀಸರನ್ನು ಕೊಂದಿತ್ತು. ಆಗ ಈ ಕಡೆಯ ಹೆಸರು ಕೇಳಿದರೇ ಜನ ಹೆದರುತ್ತಿದ್ದರು. ಈಗ ನಾನು ನೆಮ್ಮದಿಯಾಗಿ ಕೂತು ಟೀ ಕುಡಿಯುತ್ತೇನೆ. ಇಲ್ಲಿಂದ ಒಂದು ದಾರಿ ಗರಿಕೆಕಂಡಿ, ಬರಗೂರು ಹಾದು ತಮಿಳುನಾಡಿನ ಅಂದಿಯೂರಿಗೆ ಇಳಿಯುತ್ತದೆ. ನನ್ನ ಮನಸ್ಸು ಮಾತ್ರ ಮಾದಪ್ಪನ ಬೆಟ್ಟದ, ಅಂದರೆ ಮಲೆ ಮಹದೇಶ್ವರ ಬೆಟ್ಟದ ಕಡೆಗೇ. ತಾಳಬೆಟ್ಟದಿಂದ ತಿರುವುಗಳು ಶುರು. ಸುತ್ತ 2013ರಲ್ಲಿ ಘೋಷಣೆಯಾದ, 906 ಚದರ ಕಿಲೋಮೀಟರ್ ಹರವಿನ ಮಲೆ ಮಹದೇಶ್ವರ ವನ್ಯಧಾಮ. ಮಳೆ ನಿಂತ ಸಂಜೆ ಬೆಟ್ಟದ ಮೇಲೆ ಬೆಟ್ಟ ನೀಲಿಯಾಗಿ ಕಾಣುವಾಗ ಗಾಡಿ ಓಡಿಸುವ ಮನಸ್ಸೇ ಆಗುವುದಿಲ್ಲ.

ಪೆಟ್ರೋಲನ್ನು ಕೊಳ್ಳೇಗಾಲದಲ್ಲೇ ತುಂಬಿಸಿಕೊಳ್ಳಿ, ಕತ್ತಲಾಗುವ ಮುಂಚೆ ಬೆಟ್ಟ ಸೇರಿ. ಕೋತಿಗಳಿಗೆ ತಿಂಡಿ ಎಸೆಯಬೇಡಿ. ಶಿವರಾತ್ರಿ, ದೀಪಾವಳಿಯ ಹೊತ್ತಿಗೆ ಹೋದರೆ ಪಾದಯಾತ್ರೆಯ ಭಕ್ತರು ರಸ್ತೆ ತುಂಬ ಇರುತ್ತಾರೆ. ದಯವಿಟ್ಟು ನಿಧಾನವಾಗಿ ಸಾಗಿ.