ತರಕಾರಿಗೆ ಚಂದಾ ಕಟ್ಟುವ ಮುನ್ನ ಒಂದು ಸುತ್ತು

ಚಿಕ್ಕಬಳ್ಳಾಪುರದ ಕಂದವಾರ ಕೆರೆಯ ಏರಿ ಮೇಲೆ ನಿಂತ ಬೆಂಗಳೂರಿಗರಿಗೆ ಕಾಣುವುದು ತಮ್ಮದೇ ಬಚ್ಚಲ ನೀರು. ಹೆಬ್ಬಾಳ-ನಾಗವಾರ ಕಣಿವೆಯ ಕೊಳಚೆಯನ್ನು ಎರಡು ಹಂತದಲ್ಲಿ ಶುದ್ಧೀಕರಿಸಿ, ಪೈಪಿನಲ್ಲಿ ಈ ಜಿಲ್ಲೆಯ ಕೆರೆಗಳಿಗೆ ಹರಿಸುತ್ತಾರೆ. ಕೆರೆಗೆ ನೇರವಾಗಿ ಮೋಟಾರು ಇಟ್ಟು ನೀರೆತ್ತುವಂತಿಲ್ಲ. ಅಂತರ್ಜಲ ಏರಲಿ ಎಂಬುದಷ್ಟೇ ಲೆಕ್ಕಾಚಾರ. ಮೂರನೇ ಹಂತದ ಶುದ್ಧೀಕರಣವೂ ಆಗಲಿ ಎಂದು ಇಲ್ಲಿನ ನೀರಾವರಿ ಹೋರಾಟಗಾರರು ವರ್ಷಗಳಿಂದ ಕೇಳುತ್ತಲೇ ಇದ್ದಾರೆ. ಅರ್ಕಾವತಿ, ಉತ್ತರ ಪಿನಾಕಿನಿ, ಚಿತ್ರಾವತಿ ಹುಟ್ಟುವ ಬೆಟ್ಟಸಾಲಿನ ಸೀಮೆ ಇದು. ಆದರೂ ವರ್ಷವಿಡೀ ಹರಿಯುವ ಹೊಳೆ ಒಂದೂ ಇಲ್ಲ. ಕೊಳವೆಬಾವಿ ಸಾವಿರ ಅಡಿ ದಾಟಿತು ಅಂದರೆ ಇಲ್ಲಿ ಯಾರೂ ಹುಬ್ಬೇರಿಸುವುದಿಲ್ಲ.

ಈ ಸೀಮೆಯಿಂದ ವಾರವಾರ ತರಕಾರಿ ತರಿಸಿಕೊಳ್ಳುವ ಆಸೆ ನಗರದ ಅನೇಕರಿಗಿದೆ. ಹಂಗಾಮಿನ ಮೊದಲೇ ರೈತರಿಗೆ ದುಡ್ಡು ಕೊಟ್ಟು, ಬೆಳೆದದ್ದರಲ್ಲಿ ಪಾಲು ಪಡೆದು, ಬೆಳೆ ಕೆಟ್ಟರೆ ನಷ್ಟದಲ್ಲೂ ಹೆಗಲು ಕೊಡುವುದು ಸಮುದಾಯ ಬೆಂಬಲಿತ ಕೃಷಿಯ ಮೂಲ ಕರಾರು. ಜಪಾನಿನಲ್ಲಿ 1970ರ ದಶಕದಲ್ಲಿ ‘ತೇಕೇಯ್’ ಎಂಬ ಹೆಸರಿನಲ್ಲಿ ಬೆಳೆದ ಈ ಪದ್ಧತಿ 1986ರಲ್ಲಿ ಅಮೆರಿಕದಲ್ಲೂ ಶುರುವಾಯಿತು. ಬೆಂಗಳೂರಿನಲ್ಲಿ 2017ರಲ್ಲಿ ಶುರುವಾದ ಫಾರ್ಮಿಜೆನ್, ಸುತ್ತಲಿನ ರೈತರ ಹೊಲದಲ್ಲಿ 600 ಚದರಡಿಯ ತುಂಡುಗಳನ್ನು ಮೊಬೈಲ್ ಆ್ಯಪ್ ಮೂಲಕ ತಿಂಗಳ ಬಾಡಿಗೆಗೆ ಕೊಟ್ಟಿತು. ಬಾಡಿಗೆ ಬರುವುದು ಖಚಿತವಾದರೆ ರೈತರಿಗೆ ಮಂಡಿಯ ಚಿಂತೆ ಅಷ್ಟು ಕಡಿಮೆ.

ಮಂಡಿಯ ಚಿಂತೆ ಏನೆಂದು ತಿಳಿಯಲು ಚಿಂತಾಮಣಿಗೆ ಹೋಗಬೇಕು. ಟೊಮೆಟೊ ಇಲ್ಲಿ 15 ಕಿಲೋ ಬಾಕ್ಸಿನ ಲೆಕ್ಕ. 2023ರ ಜುಲೈನಲ್ಲಿ ಈ ಭಾಗದಲ್ಲಿ ಬಾಕ್ಸಿಗೆ 2,000 ರೂಪಾಯಿ ದಾಟಿತ್ತು. ಸೆಪ್ಟೆಂಬರಿಗೆ ನೆಲ ಕಚ್ಚಿತು. ಬೆಲೆ ಬಿದ್ದಾಗ ಕೀಳುವ ಕೂಲಿ, ಲಾರಿ ಬಾಡಿಗೆ, ಕಮಿಷನ್ ಕಳೆದು ಉಳಿಯುವುದೇನು? ಚಂದಾ ಇದ್ದರೆ ಆಗ ರೈತ ಬಚಾವ್. ಆದರೆ ಆ ಜುಲೈನಲ್ಲೂ ಅವನು ನಿಮಗೆ ಹಳೇ ದರಕ್ಕೇ ಟೊಮೆಟೊ ಕಳಿಸಬೇಕಲ್ಲ! ಒಪ್ಪಂದದ ನಿಜವಾದ ಪರೀಕ್ಷೆ ಅಂಥ ತಿಂಗಳಲ್ಲಿ, ಅದೂ ಎರಡೂ ಕಡೆಯವರಿಗೆ.

ಶಿಡ್ಲಘಟ್ಟದಲ್ಲಿ ತರಕಾರಿಗಿಂತ ರೇಷ್ಮೆಯ ಮಾತೇ ಹೆಚ್ಚು. ನಾನು ಹೊಕ್ಕ ಹುಳಮನೆಯಲ್ಲಿ ನಾಲ್ಕನೇ ಜ್ವರದಿಂದ, ಅಂದರೆ ಪೊರೆ ಕಳಚುವ ಹಂತದಿಂದ, ಎದ್ದ ಹುಳಗಳು ಹಿಪ್ಪುನೇರಳೆ ಸೊಪ್ಪನ್ನೆಲ್ಲ ಮೇಯ್ದು ಬರೀ ಕಡ್ಡಿ ಉಳಿಸಿದ್ದವು. ಪಕ್ಕದ ಹೊಲದಲ್ಲಿ ಟೊಮೆಟೊಗೆ ಔಷಧಿ ಹೊಡೆದು ಗಾಳಿ ಇತ್ತ ಬೀಸಿದರೆ ಮುಗಿಯಿತು, ಆ ಸೊಪ್ಪು ತಿಂದ ಹುಳ ಕಕ್ಕಿಕೊಂಡು ಸಾಯುತ್ತದೆ ಎಂದು ಮನೆಯಾಕೆ ವಿವರಿಸಿದರು. ಗೂಡಿನ ಆಸೆಗಾದರೂ ಇಲ್ಲಿ ಸಿಂಪಡಣೆಗೆ ಕಡಿವಾಣ ಬೀಳುತ್ತದೆ. ರೈತರ ಗುಂಪು ಒಬ್ಬರ ಹೊಲವನ್ನು ಇನ್ನೊಬ್ಬರು ತಪಾಸಣೆ ಮಾಡಿ ಪಡೆಯುವ ಪಿಜಿಎಸ್ ಪ್ರಮಾಣಪತ್ರವನ್ನೂ ನೀವು ಕೇಳಿ ನೋಡಬಹುದು. ನನಗಂತೂ ತರಕಾರಿ ಮಡಿಯ ಪಕ್ಕ ಹಿಪ್ಪುನೇರಳೆ ಕಂಡರೆ ಅರ್ಧ ಸಮಾಧಾನ. ರಾಸಾಯನಿಕ ಗೊಬ್ಬರದ ವಿಚಾರ ಬೇರೆ, ಅದನ್ನು ಕೇಳಿಯೇ ತಿಳಿಯಬೇಕು.

ಗೌರಿಬಿದನೂರಿನ ಕಡೆ ಹೆಚ್ಚಾಗಿ ಕಾಣುವುದು ರಾಗಿ, ನೆಲಗಡಲೆ, ಮುಸುಕಿನ ಜೋಳ. ಜೊತೆಗೆ ‘ವಾರಾಂತ್ಯಕ್ಕೊಂದು ತೋಟ’ ಎಂದು ಕರೆಯುವ ಫಲಕಗಳು. ಕೃಷಿಕರಲ್ಲದವರು ಜಮೀನು ಕೊಳ್ಳಲು ತಡೆಯಾಗಿದ್ದ ಭೂಸುಧಾರಣಾ ಕಾಯ್ದೆಯ 79ಎ, 79ಬಿ ಕಲಂಗಳು 2020ರಲ್ಲಿ ರದ್ದಾದ ಮೇಲೆ ಈ ವ್ಯಾಪಾರಕ್ಕೆ ಆ ಅಡ್ಡಿಯಿಲ್ಲ. ಜಮೀನು ಕೊಂಡವರು ರೈತರ ಪಾಲುದಾರರಾಗುವುದಿಲ್ಲ, ಧಣಿಗಳಾಗುತ್ತಾರೆ. ಎರಡನ್ನೂ ಒಂದೇ ಎಂದುಕೊಳ್ಳಬಾರದು.

ಇನ್ನು ಅಡುಗೆಮನೆಯ ಮಾತು. ಹೊಲ ಕೊಟ್ಟದ್ದನ್ನು ಉಣ್ಣಬೇಕು. ಮಳೆ ಬಿದ್ದಾಗ ಬೆರಕೆ ಸೊಪ್ಪು, ಚಳಿಗೆ ಸೊಗಡಿನ ಅವರೆ, ನಡುವೆ ವಾರಗಟ್ಟಲೆ ಬರೀ ದಂಟು, ಬದನೆ. ಮಸ್ಸೊಪ್ಪು, ಬಸ್ಸಾರು ಬರುವ ಮನೆಗೆ ಇದು ಕಷ್ಟವಲ್ಲ. ವರ್ಷವಿಡೀ ಹೂಕೋಸು, ಕ್ಯಾಪ್ಸಿಕಂ ಬೇಕೆನ್ನುವವರಿಗೆ ಬೀದಿಯಂಗಡಿಯೇ ವಾಸಿ.

ಸೇರುವ ಮನಸ್ಸಿದ್ದರೆ ಮಳೆಗಾಲದ ಹಸಿರು ನೋಡಿ ಹಣ ಕಟ್ಟಬೇಡಿ. ಏಪ್ರಿಲ್‌ನಲ್ಲಿ ಹೋಗಿ ಬನ್ನಿ. ಕೊಳವೆಬಾವಿಯಲ್ಲಿ ಎಷ್ಟು ಇಂಚು ನೀರಿದೆ, ಬೆಳೆ ಕೈಕೊಟ್ಟರೆ ನಿಮ್ಮ ದುಡ್ಡು ಏನಾಗುತ್ತದೆ ಎಂಬ ಎರಡನ್ನು ರೈತರನ್ನೇ ನೇರವಾಗಿ ಕೇಳಿ.