ಹಿಗ್ಗುವ ನೀರು

ಬೆಂಗಳೂರಿನ ಕತ್ರಿಗುಪ್ಪೆಯ ನಮ್ಮ ಮನೆಯ ತಾರಸಿಯಲ್ಲಿ 200 ಲೀಟರಿನ ಸೋಲಾರ್ ಹೀಟರ್ ಇದೆ. ಅದರ ಡ್ರಮ್ಮಿನ ನೆತ್ತಿಯಿಂದ ಹೊರಟ ಸಣ್ಣ ಪೈಪೊಂದು ಆಕಾಶಕ್ಕೆ ಬಾಯಿ ತೆರೆದುಕೊಂಡು ನಿಂತಿದೆ. ಪ್ಲಂಬರುಗಳು ಅದನ್ನು ಏರ್ ವೆಂಟ್ ಅನ್ನುತ್ತಾರೆ. ಹೀಟರ್ ಕೂರಿಸಲು ಬಂದಿದ್ದ ಹುಡುಗನನ್ನು ಇದು ಯಾಕಪ್ಪಾ ಎಂದು ಕೇಳಿದ್ದೆ. "ನೀರು ಕಾದ್ರೆ ಹಿಗ್ಗುತ್ತೆ ಸಾರ್, ಅದಕ್ಕೂ ಜಾಗ ಬೇಕಲ್ಲ" ಎಂದಿದ್ದ. ಅವನು ಹೋದ ಮೇಲೆ ಲೆಕ್ಕ ಹಾಕಿ ನೋಡಿದೆ. 20 ಡಿಗ್ರಿಯ ನೀರು 60 ಡಿಗ್ರಿಗೆ ಏರಿದರೆ ಶೇ 1.5ರಷ್ಟು ಹಿಗ್ಗುತ್ತದೆ. 200 ಲೀಟರಿಗೆ 3 ಲೀಟರ್. ಮೂರು ಚೊಂಬು ನೀರು.

ಈ ಮೂರು ಚೊಂಬು ತಲೆಯಲ್ಲಿ ಉಳಿದುಬಿಟ್ಟಿತು. ಸಮುದ್ರ ಏರುತ್ತಿರುವಾಗ ಮಾಲ್ಡೀವ್ಸ್‌ನಂಥ ದ್ವೀಪದೇಶದ ಸಂಕಟ ಅರ್ಥವಾಗುವುದಕ್ಕೆ ಇದಕ್ಕಿಂತ ಹತ್ತಿರದ ಉದಾಹರಣೆ ನನಗೆ ಸಿಕ್ಕಿಲ್ಲ. ನಾವು ಕಲ್ಲಿದ್ದಲು, ಎಣ್ಣೆ ಸುಟ್ಟು ಭೂಮಿಗೆ ಹೊದಿಸಿರುವ ಹೆಚ್ಚುವರಿ ಶಾಖದಲ್ಲಿ ಶೇ 90ಕ್ಕಿಂತ ಹೆಚ್ಚಿನ ಪಾಲನ್ನು ಸಮುದ್ರ ಕುಡಿದಿದೆ. ಕಾದ ಸಮುದ್ರವೂ ಡ್ರಮ್ಮಿನ ನೀರಿನ ಹಾಗೆಯೇ ಹಿಗ್ಗುತ್ತದೆ. ತಳದಲ್ಲಿ ಬಂಡೆ, ಪಕ್ಕದಲ್ಲಿ ಖಂಡಗಳು. ಹಿಗ್ಗಿದ ನೀರಿಗೆ ಮೇಲೇರುವುದೊಂದೇ ದಾರಿ. 1971ರಿಂದ 2018ರವರೆಗೆ ಸಮುದ್ರ ಏರಿದ್ದರಲ್ಲಿ ಸುಮಾರು ಅರ್ಧದಷ್ಟು ಈ ಹಿಗ್ಗುವಿಕೆಯಿಂದಲೇ ಎಂದು ವಿಶ್ವಸಂಸ್ಥೆಯ ಹವಾಮಾನ ವಿಜ್ಞಾನ ಸಮಿತಿಯಾದ ಐಪಿಸಿಸಿಯ ವರದಿ ಹೇಳುತ್ತದೆ. ಉಳಿದದ್ದರಲ್ಲಿ ಬಹುಪಾಲು ಕರಗಿದ ಹಿಮದ್ದು. ಚಿಕ್ಕದೊಂದು ಪಾಲು ನೆಲದಿಂದ ಹೋದ ನೀರಿನದು. ಜಗತ್ತಿನ ಬೋರ್‌ವೆಲ್‌ಗಳು ಮೇಲೆತ್ತಿದ ನೀರು ಕೊನೆಗೆ ಸೇರುವುದೂ ಕಡಲನ್ನೇ. 1993ರ ಸುಮಾರಿಗೆ ವರ್ಷಕ್ಕೆ 2 ಮಿಲಿಮೀಟರ್ ಏರುತ್ತಿದ್ದ ಸಮುದ್ರ ಈಗ 4 ಮಿಲಿಮೀಟರಿಗಿಂತ ಹೆಚ್ಚು ಏರುತ್ತಿದೆ.

ಮಾಲ್ಡೀವ್ಸ್‌ನ ನೆಲ ಸಮುದ್ರಮಟ್ಟಕ್ಕಿಂತ ಸರಾಸರಿ ಒಂದೂವರೆ ಮೀಟರ್ ಎತ್ತರದಲ್ಲಿದೆ. ನಮ್ಮ ಹೀಟರಿನ ಕಬ್ಬಿಣದ ಸ್ಟ್ಯಾಂಡ್ ಕೂಡ ಹೆಚ್ಚು ಕಡಿಮೆ ಅಷ್ಟೇ. ಆ ಸ್ಟ್ಯಾಂಡ್ ನಿಂತಿರುವ ಬೆಂಗಳೂರು ಮಾತ್ರ 900 ಮೀಟರ್ ಮೇಲಿದೆ.

ಹಾಗೆಂದು ದ್ವೀಪಗಳು ನಾಳೆಯೇ ಮುಳುಗುತ್ತವೆ ಎಂದು ಬರೆದರೆ ವಿಜ್ಞಾನಕ್ಕೆ ಅಪಚಾರ ಮಾಡಿದಂತಾಗುತ್ತದೆ. ಹವಳದ ದ್ವೀಪ ಕಲ್ಲುಬಂಡೆಯಲ್ಲ. ಹವಳ ಪುಡಿಯಾಗಿ ಅಲೆಗಳು ಗುಡ್ಡೆ ಹಾಕಿದ ಮರಳು. ಅದು ಒಂದು ಕಡೆ ಸವೆದು ಇನ್ನೊಂದು ಕಡೆ ಬೆಳೆಯುತ್ತದೆ. ಪೆಸಿಫಿಕ್‌ನ ಟುವಾಲು ದೇಶದ ದ್ವೀಪಗಳ ಹಳೆಯ ಚಿತ್ರಗಳನ್ನು ಹೊಸ ಉಪಗ್ರಹ ಚಿತ್ರಗಳ ಪಕ್ಕ ಇಟ್ಟು ನೋಡಿದ 2018ರ ಅಧ್ಯಯನವೊಂದು, ನಾಲ್ಕು ದಶಕಗಳಲ್ಲಿ ಅಲ್ಲಿನ ನೆಲ ಒಟ್ಟಾರೆ ಶೇ 2.9ರಷ್ಟು ಹೆಚ್ಚಿದೆ ಎಂದು ಕಂಡುಕೊಂಡಿತು. ಇದನ್ನೇ ಎತ್ತಿ ಹಿಡಿದು "ನೋಡಿ, ಏನೂ ಆಗಿಲ್ಲ" ಎನ್ನುವವರಿದ್ದಾರೆ. ಅವರು ಮರೆಯುವುದು ಎರಡು ಸಂಗತಿ. ಒಂದು, ಮರಳು ಕೊಡುವ ಹವಳ ಬದುಕಿರಬೇಕು. ತಾಪಮಾನ 1.5 ಡಿಗ್ರಿ ಏರಿದರೆ ಹವಳ ಶೇ 70ರಿಂದ 90ರಷ್ಟು ನಾಶವಾಗುತ್ತದೆ, 2 ಡಿಗ್ರಿ ಏರಿದರೆ ಶೇ 99ಕ್ಕಿಂತ ಹೆಚ್ಚು ಎಂದು ಐಪಿಸಿಸಿ 2018ರಲ್ಲಿ ಅಂದಾಜು ಮಾಡಿತು.

ಇನ್ನೊಂದು, ಕುಡಿಯುವ ನೀರು. ಇಲ್ಲಿಯೂ ಹೀಟರಿನ ಭೌತಶಾಸ್ತ್ರವೇ. ಡ್ರಮ್ಮಿನಲ್ಲಿ ಬಿಸಿನೀರು ಹಗುರವಾಗಿ ತಣ್ಣೀರಿನ ಮೇಲೆ ತೇಲುತ್ತದೆ; ಅದಕ್ಕೇ ಪಂಪಿಲ್ಲದೆ ನೀರು ತಾನಾಗಿ ಸುತ್ತುತ್ತದೆ. ದ್ವೀಪದ ಮರಳಿನೊಳಗೆ ಇಂಗಿದ ಮಳೆನೀರೂ ಹೀಗೆಯೇ ಉಪ್ಪುನೀರಿನ ಮೇಲೆ ತೇಲುತ್ತದೆ. ಒಂದು ಲೀಟರ್ ಸಮುದ್ರದ ನೀರು ಸಿಹಿನೀರಿಗಿಂತ 25 ಗ್ರಾಂ ಹೆಚ್ಚು ತೂಗುತ್ತದೆ. ಇಷ್ಟೇ ವ್ಯತ್ಯಾಸದ ಬಲದ ಮೇಲೆ, ಸಮುದ್ರಮಟ್ಟದಿಂದ ಒಂದಡಿ ಮೇಲೆ ಸಿಹಿನೀರು ನಿಂತರೆ ಅದರ ಕೆಳಗೆ ಸುಮಾರು ನಲವತ್ತಡಿ ಸಿಹಿನೀರು ಇರಬಲ್ಲದು. ಬಾವಿ ತೋಡಿದವರಿಗೆ ಸಿಗುವುದು ಈ ತೇಲುವ ನೀರು. ದೊಡ್ಡ ಅಲೆ ದಡ ದಾಟಿ ಒಮ್ಮೆ ಒಳಗೆ ನುಗ್ಗಿದರೆ ಬಾವಿ ಉಪ್ಪಾಗುತ್ತದೆ. 2004ರ ಸುನಾಮಿಯ ನಂತರ ಮಾಲ್ಡೀವ್ಸ್‌ನ ಎಷ್ಟೋ ದ್ವೀಪಗಳಲ್ಲಿ ಆದದ್ದು ಇದೇ. ನೆಲ ಮುಳುಗುವ ಎಷ್ಟೋ ಮೊದಲೇ ಬಾವಿ ಸಾಯುತ್ತದೆ.

ಆಮೇಲೆ ಉಳಿಯುವುದು ಸಮುದ್ರದ ನೀರಿನಿಂದ ಉಪ್ಪು ತೆಗೆಯುವ ಯಂತ್ರ. ಸಾವಿರ ಲೀಟರಿಗೆ ಅದಕ್ಕೆ ಸುಮಾರು 3 ಯೂನಿಟ್ ಕರೆಂಟ್ ಬೇಕು. ಮಾಲ್ಡೀವ್ಸ್‌ನ ಕರೆಂಟ್ ಬಹುಪಾಲು ಹಡಗಿನಲ್ಲಿ ಬರುವ ಡೀಸೆಲ್‌ನಿಂದ. ದ್ವೀಪಕ್ಕೊಂದು ಜನರೇಟರ್ ಮನೆ. 2014ರ ಡಿಸೆಂಬರ್ 4ರಂದು ರಾಜಧಾನಿ ಮಾಲೆಯ ನೀರಿನ ಸ್ಥಾವರದಲ್ಲಿ ಬೆಂಕಿ ಹೊತ್ತಿಕೊಂಡಿತು. ಒಂದು ಲಕ್ಷ ಜನರಿಗೆ ನಲ್ಲಿ ಬಂದ್. ಭಾರತ ವಿಮಾನಗಳಲ್ಲಿ, ನೌಕಾಪಡೆಯ ಹಡಗುಗಳಲ್ಲಿ ನೀರು ಕಳಿಸಿತು.

ಓದುವಾಗ ಅಯ್ಯೋ ಪಾಪ ಅನ್ನಿಸುತ್ತದೆ. ಆದರೆ ವಾಟರ್ ಟ್ಯಾಂಕ್ ಹೆಸರಿನಲ್ಲೇ ಬಸ್ ನಿಲ್ಲುವ ನಮ್ಮ ಬಡಾವಣೆಗೆ ಕಾವೇರಿ ಬರುವುದು ಹೇಗೆ? ತೊರೆಕಾಡನಹಳ್ಳಿಯಿಂದ ಹಾರೋಹಳ್ಳಿ, ತಾತಗುಣಿ ಎಂದು ಮೂರು ಹಂತಗಳಲ್ಲಿ ಸುಮಾರು 500 ಮೀಟರ್ ಮೇಲೆತ್ತಿಸಿಕೊಂಡು. ಸಾವಿರ ಲೀಟರನ್ನು ಅಷ್ಟು ಎತ್ತಲು ಪ್ರಕೃತಿ ಕೇಳುವ ಕನಿಷ್ಠ ಶಕ್ತಿಯೇ 1.4 ಯೂನಿಟ್, ಪಂಪು, ಪೈಪುಗಳ ನಷ್ಟ ಸೇರಿಸಿದರೆ ಇನ್ನೂ ಹೆಚ್ಚು. ಮಾಲೆಯ ನಲ್ಲಿಗೂ ಕತ್ರಿಗುಪ್ಪೆಯ ನಲ್ಲಿಗೂ ನಾವು ಅಂದುಕೊಂಡಷ್ಟು ದೂರವಿಲ್ಲ. ಕರೆಂಟ್ ಹೋದರೆ ಎರಡೂ ಒಣಗುತ್ತವೆ.

ಕನ್ನಡಿಗರಿಗೆ ಹವಳದ ದ್ವೀಪಗಳು ಪರಕೀಯವೂ ಅಲ್ಲ. ಲಕ್ಷದ್ವೀಪದ ಅಮಿನಿ, ಕಡಮತ್, ಕಿಲ್ತಾನ್, ಚೆತ್ಲತ್ ದ್ವೀಪಗಳು ಟಿಪ್ಪುವಿನ ಆಳ್ವಿಕೆಯಲ್ಲಿದ್ದು, 1799ರ ನಂತರ ಈಸ್ಟ್ ಇಂಡಿಯಾ ಕಂಪನಿಯ ಕೈಸೇರಿ, ಮಂಗಳೂರಿನ ಆಡಳಿತಕ್ಕೆ ಬಂದವು. ದಕ್ಷಿಣ ಕನ್ನಡ ಜಿಲ್ಲೆಯಿಂದ ಅವು ಬೇರೆಯಾದದ್ದು 1956ರ ನವೆಂಬರ್ 1ರಂದು, ನಾವು ರಾಜ್ಯೋತ್ಸವ ಆಚರಿಸುವ ದಿನವೇ. ದ್ವೀಪದವರು ತೆಂಗಿನ ನಾರು ಕೊಟ್ಟು ಅಕ್ಕಿ ಒಯ್ಯುವ ವ್ಯಾಪಾರ ತಲೆಮಾರುಗಳ ಕಾಲ ನಡೆಯಿತು. ಮಂಗಳೂರಿನ ಹಳೆ ಬಂದರಿನಿಂದ ಮಂಜಿ ಎಂಬ ಸರಕು ದೋಣಿಗಳು ಅಕ್ಕಿ, ತರಕಾರಿ, ಜಲ್ಲಿ ಹೊತ್ತು ಅತ್ತ ಹೋದ ಪರಿಪಾಠ ನಮ್ಮ ಕಾಲದವರೆಗೂ ಬಂದಿದೆ. ಉಳ್ಳಾಲದ ಕಡಲ್ಕೊರೆತದಲ್ಲಿ ಮನೆ ಕಳೆದುಕೊಂಡವರಿಗೆ ದ್ವೀಪದವರ ಭಯವನ್ನು ಬಿಡಿಸಿ ಹೇಳಬೇಕಾಗಿಲ್ಲ.

ದ್ವೀಪರಾಷ್ಟ್ರಗಳು 1990ರಲ್ಲೇ ಒಕ್ಕೂಟ ಕಟ್ಟಿಕೊಂಡವು. ತಾಪಮಾನ ಏರಿಕೆಯ ಮಿತಿ 2 ಡಿಗ್ರಿ ಎಂದು ಜಗತ್ತೆಲ್ಲ ಹೇಳುತ್ತಿದ್ದಾಗ 1.5 ಎಂದು ಪಟ್ಟು ಹಿಡಿದು, 2015ರ ಪ್ಯಾರಿಸ್ ಒಪ್ಪಂದದಲ್ಲಿ ಆ ಅಂಕಿಯನ್ನು ಸೇರಿಸುವಂತೆ ಮಾಡಿದ್ದು ಇವರೇ. 2009ರ ಅಕ್ಟೋಬರ್ 17ರಂದು ಮಾಲ್ಡೀವ್ಸ್ ಅಧ್ಯಕ್ಷ ಮೊಹಮ್ಮದ್ ನಶೀದ್ ಸಮುದ್ರದ ತಳದಲ್ಲಿ ಸಚಿವ ಸಂಪುಟದ ಸಭೆ ನಡೆಸಿದ್ದು ಹಲವರಿಗೆ ನೆನಪಿರಬಹುದು. ಹತ್ತು ವರ್ಷದಲ್ಲಿ ಇಂಗಾಲಮುಕ್ತರಾಗುತ್ತೇವೆ ಎಂದು ಅದೇ ವರ್ಷ ಅವರು ಕೊಟ್ಟ ಮಾತು ಈಡೇರಲಿಲ್ಲ. 2023ರಲ್ಲಿ ಹೊಸ ಗುರಿ ಬಂತು: 2028ಕ್ಕೆ ಮೂರನೇ ಒಂದು ಪಾಲು ಕರೆಂಟ್ ನವೀಕರಿಸಬಹುದಾದ ಮೂಲಗಳಿಂದ. ಮಾತು ತಪ್ಪಿದ್ದನ್ನು ನಾನು ಸೋಗಲಾಡಿತನ ಎನ್ನಲಾರೆ. ಅಲ್ಲಿ ಬಿಸಿಲಿಗೆ ಬರವಿಲ್ಲ. ಬರ ಇರುವುದು ನೆಲಕ್ಕೆ, ಹಣಕ್ಕೆ, ರಾತ್ರಿಗೆಂದು ಬಿಸಿಲನ್ನು ಕೂಡಿಡುವ ಬ್ಯಾಟರಿಗೆ. ಜಗತ್ತಿನ ಹೊಗೆಯಲ್ಲಿ ಅವರ ಪಾಲು ಲೆಕ್ಕಕ್ಕೂ ಸಿಗದಷ್ಟು. ಅವರು ಡೀಸೆಲ್ ಬಿಟ್ಟ ಮಾತ್ರಕ್ಕೆ ಸಮುದ್ರ ತಣ್ಣಗಾಗುವುದಿಲ್ಲ, ನಾವೂ ಬಿಡಬೇಕು.

ಕೂಡಿಡುವ ವಿಷಯಕ್ಕೆ ಬಂದರೆ ನಮ್ಮ ತಾರಸಿಯ ಡ್ರಮ್ಮನ್ನು ನಾನು ಬ್ಯಾಟರಿ ಎಂದೇ ಕರೆಯುತ್ತೇನೆ. ಬೆಳಿಗ್ಗೆ ಆರರಿಂದ ಎಂಟು ಊರೆಲ್ಲ ಸ್ನಾನ ಮಾಡುವ ಹೊತ್ತು. ಪಾವಗಡದ 2,050 ಮೆಗಾವಾಟ್ ಸೌರ ಪಾರ್ಕ್ ಆಗಿನ್ನೂ ಕಣ್ಣು ಬಿಡುತ್ತಿರುತ್ತದೆ. ಆಗ ಗೀಸರ್ ಹಾಕಿದರೆ ಆ ಹೊರೆಯಲ್ಲಿ ಕಲ್ಲಿದ್ದಲಿನ ಪಾಲೇ ದೊಡ್ಡದು. 100 ಲೀಟರ್ ನೀರನ್ನು 25ರಿಂದ 60 ಡಿಗ್ರಿಗೆ ಕಾಯಿಸಲು 4 ಯೂನಿಟ್ ಬೇಕು; ಕಲ್ಲಿದ್ದಲಿನ ಒಂದು ಯೂನಿಟ್‌ಗೆ ಹತ್ತಿರ ಹತ್ತಿರ ಒಂದು ಕಿಲೋ ಇಂಗಾಲದ ಡೈಆಕ್ಸೈಡ್. ಡ್ರಮ್ಮಿನಲ್ಲಿ ಮಾತ್ರ ನಿನ್ನೆಯ ಬಿಸಿಲು ಬೆಚ್ಚಗೆ ಮಲಗಿರುತ್ತದೆ. 2007ರಿಂದ ಹೊಸ ಮನೆಗಳಿಗೆ ಸೋಲಾರ್ ಹೀಟರ್ ಕಡ್ಡಾಯ ಮಾಡಿದ್ದು, ಕರೆಂಟ್ ಬಿಲ್ಲಿನಲ್ಲಿ ತಿಂಗಳಿಗೆ 50 ರೂಪಾಯಿವರೆಗೆ ರಿಯಾಯಿತಿ ಕೊಟ್ಟಿದ್ದು ರಾಜ್ಯ ಮಾಡಿದ ಒಳ್ಳೆಯ ಕೆಲಸಗಳಲ್ಲಿ ಒಂದು. ನಮ್ಮ ಬನಶಂಕರಿ ಮೂರನೇ ಹಂತದ ಯಾವ ತಾರಸಿ ಹತ್ತಿ ನೋಡಿದರೂ ಅದರ ಫಲ ಕಾಣುತ್ತದೆ.

ಈಗ ನಮ್ಮ ದಕ್ಷಿಣಕ್ಕಿರುವ ಹಳೆಯ ಮನೆ ಕೆಡವಿ ನಾಲ್ಕು ಮಹಡಿ ಏಳುತ್ತಿದೆ. ಡಿಸೆಂಬರಿನಲ್ಲಿ ಸೂರ್ಯ ದಕ್ಷಿಣಕ್ಕೆ ಬಾಗಿದಾಗ ಅದರ ನೆರಳು ಮಧ್ಯಾಹ್ನದವರೆಗೂ ನಮ್ಮ ಗಾಜಿನ ಕೊಳವೆಗಳ ಮೇಲಿರುತ್ತದೆ. ಹೋದ ವಾರ ಆ ಮನೆಯವರ ಜೊತೆ ನಕ್ಷೆ ಹರಡಿಕೊಂಡು ಕೂತಿದ್ದೆ. ಎಂಟು ಮನೆಗೆ ಸಾಲುವಷ್ಟು ಹೀಟರುಗಳನ್ನು ಲಿಫ್ಟ್ ಕೋಣೆಯ ಮೇಲೆ ಸಾಲಾಗಿ ಇಡಬಹುದು, ಆದರೆ ಬಿಸಿನೀರಿನ ಪೈಪಿಗೆ ಗೋಡೆ ಏಳುವ ಮೊದಲೇ ಜಾಗ ಬಿಡಬೇಕು ಎಂದೆ. ಅವರ ಸೊಸೆ ಪೆನ್ಸಿಲ್ ತೆಗೆದುಕೊಂಡು, ನಕ್ಷೆಯಲ್ಲಿ ಬಚ್ಚಲುಮನೆಗಳ ಹಿಂದೆ ನೆಲಮಹಡಿಯಿಂದ ಮೇಲಿನವರೆಗೆ ಒಂದು ಗೆರೆ ಎಳೆದರು. ನಮ್ಮ ಸ್ಟ್ಯಾಂಡನ್ನು ಉತ್ತರದ ಮೂಲೆಗೆ ಸರಿಸಲು ಪ್ಲಂಬರ್ ಸೋಮವಾರ ಬರುತ್ತಾನೆ.